ಸ್ಪ್ರಿಂಗ್ ಬಂದಿಲ್ಲ, ಮಂಗಳವಾರ ಬನ್ನಿ

ಜನವರಿ 8, ಗುರುವಾರ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರಗಳು.

ದೇವರ ದಯೆಯಿಂದ ನಾವೆಲ್ಲ ಚೆನ್ನಾಗಿದ್ದೇವೆ. ಮಾವನವರಿಗೆ ಮಂಡಿ ನೋವು ಹಾಗೇ ಇದೆ. ಬಾಯಿಗೆ ಏನೂ ಆಗಿಲ್ಲ.

ಮಾರ್ಚ್ ಕೊನೆಗೆ ಅಂಗಡಿ ಮುಚ್ಚುತ್ತೀಯೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ನಿನ್ನನ್ನೇ ಕೇಳೋಣವೆಂದರೆ ನಿನ್ನ ಕಿವಿಗೆ ಫೋನು ಹಿಡಿದು ಪ್ರಯೋಜನವಿಲ್ಲ. ನಲವತ್ತು ವರ್ಷ ಹಿತ್ತಲಿನ ಮರಳುಗುಂಡಿಗೆ ಕೋವಿ ಹಾರಿಸಿ ಪರೀಕ್ಷೆ ಮಾಡಿದ ಕಿವಿ ಅದು. ಹೋದ ಸಲ ನಾನು "ಹೇಗಿದ್ದೀಯಣ್ಣಾ" ಎಂದು ಕಿರುಚಿದ್ದು ಬೀದಿಯ ತುದಿಗೆಲ್ಲ ಕೇಳಿತು. ನಿನಗೊಬ್ಬನಿಗೆ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುದ್ದಿ ಕೇಳಿದ ದಿನ ದೇವರ ಮುಂದೆ ಕೂತರೆ ದೇವರು ಕಾಣಲಿಲ್ಲ, ನಮ್ಮ ಕೋವಿ ಅಂಗಡಿ ಕಂಡಿತು. ಬಾಗಿಲು ತಳ್ಳಿದರೆ ಕಿಣಿ ಅನ್ನುವ ಆ ಗಂಟೆ. ಎಣ್ಣೆ, ಮರದ ಮೇಣ, ಸುಟ್ಟ ಮದ್ದು, ಮೂರೂ ಸೇರಿದ ವಾಸನೆ. ಗಾಜಿನ ಬೀರುವಿನಲ್ಲಿ ಶಾಲೆಯ ಮಕ್ಕಳ ಹಾಗೆ ಎತ್ತರದ ಸಾಲಿನಲ್ಲಿ ನಿಂತ ಕೋವಿಗಳು. ಸೀಸದ ಕಾಳುಗಳ ಡ್ರಾಯರಿಗೆ ಕೈ ಹಾಕಿದರೆ ತಣ್ಣಗೆ ಬೆರಳ ಸಂದಿಯಲ್ಲಿ ಜಾರುತ್ತಿದ್ದವಲ್ಲ, ಈಗಲೂ ಅಕ್ಕಿ ಆರಿಸುವಾಗ ನನಗೆ ಅದೇ ನೆನಪು. ಬಾಗಿಲ ಮೇಲೆ ಅಪ್ಪ ತಮ್ಮ ಕೈಯಾರೆ ಬರೆದ ಫಲಕ: "ಕೋವಿ ಖಾಲಿ ಮಾಡಿಕೊಂಡು ಒಳಗೆ ಬನ್ನಿ."

ಮತ್ತೆ ಆ ಬೆಂಚು. ಬೇಟೆಗಾರರೆಲ್ಲ ಮಂಗಳವಾರ ಬಂದು ಕೂತು ಸುಳ್ಳು ಹೇಳುತ್ತಿದ್ದ ಬೆಂಚು. ನಾನು ಗಿಡ್ಡಗೆ ದುಂಡಗೆ ಇದ್ದೆ, ಮುಟ್ಟಿದರೆ ಸಿಡಿಯುತ್ತಿದ್ದೆ ಅಂತ ಕೋವಿಗೆ ತುಂಬುವ ತೋಟಾದ ಹೆಸರನ್ನೇ ನನಗಿಟ್ಟವರು ಅವರೇ ಅಲ್ಲವೇ. ಇನ್ನೊಂದು ನೆನಪಿದೆಯಾ? ಅವರೆಲ್ಲ ಹರಟುತ್ತಿರುವಾಗ ಅಪ್ಪ ಒಳಕೋಣೆಯಿಂದ ಇದ್ದಕ್ಕಿದ್ದ ಹಾಗೆ "ಸ್ಪ್ರಿಂಗ್ ಬಂತು ನೋಡ್ರೀ!" ಎಂದು ಕೂಗುತ್ತಿದ್ದರು. ಅಂಚೆಯವನು ಬಂದಿಲ್ಲ, ಗಾಡಿ ಬಂದಿಲ್ಲ, ಸ್ಪ್ರಿಂಗ್ ಎಲ್ಲಿಂದ ಬಂತು? ದೇವರೇ ಕಳಿಸುತ್ತಾನೆ ಎಂದು ನಂಬಿದ್ದೆ. ಹನ್ನೆರಡು ವರ್ಷದವರೆಗೂ ನಂಬಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮದುವೆಗೆ ಹತ್ತು ದಿನ ಮುಂಚೆ ಮಾವನವರು ತಮ್ಮ ಜೋಡು ನಳಿಗೆ ಕೋವಿಯನ್ನು ನಮ್ಮ ಅಂಗಡಿಗೆ ಕೊಟ್ಟಿದ್ದರು. ಸ್ಪ್ರಿಂಗ್ ಸಡಿಲವಾಗಿದೆ, ಮಂಗಳವಾರ ಬನ್ನಿ ಎಂದಿದ್ದರಂತೆ ಅಪ್ಪ. ಇಪ್ಪತ್ತೆಂಟು ವರ್ಷವಾಯಿತು. ಆ ಕೋವಿಯ ಮಾತು ಕೇಳದೆ ನಾನು ಈ ಮನೆಯಲ್ಲಿ ಒಂದು ವಾರ ಕಳೆದಿಲ್ಲ. ನೆಂಟರು ಬಂದರೆ ಸಾಕು, "ನಮ್ಮ ಸೊಸೆ ಚಿನ್ನದಂಥವಳು. ಇವರಪ್ಪನ ಅಂಗಡೀಲಿ ಮಾತ್ರ ಒಳಗೆ ಹೋದದ್ದು ಹೊರಗೆ ಬರಲ್ಲ" ಅನ್ನುತ್ತಾರೆ. ಅಪ್ಪ ತೀರಿಕೊಂಡ ದಿನ ಕೂಡ, ಅಳುತ್ತಿದ್ದ ನನ್ನ ತಲೆ ಸವರಿ, "ಒಳ್ಳೇ ಮನುಷ್ಯ ಕಣಮ್ಮಾ... ಕೋವಿ ಎಲ್ಲಿಟ್ಟಿದ್ದಾರೆ ಅಂತ ಯಾರಿಗಾದ್ರೂ ಹೇಳಿದ್ರಾ?" ಎಂದರು.

ನನಗೆ ಪಾಲು ಬೇಡ, ಬೀರು ಬೇಡ. ಅಂಗಡಿ ಮುಚ್ಚುವ ಮೊದಲು ಆ ಕೋವಿಯನ್ನು ಅವರ ಕೈಗೆ ಕೊಡು. ನಮ್ಮಪ್ಪನನ್ನು ಕಳ್ಳ ಅನ್ನುವುದನ್ನು ಕೇಳಿಕೊಂಡು ಸಾಯಲು ನನಗೆ ಇಷ್ಟವಿಲ್ಲ.

ಅತ್ತಿಗೆಗೆ ನಮಸ್ಕಾರ.

ನಿನ್ನ ತಂಗಿ


ಜನವರಿ 17, ಶನಿವಾರ

ಪ್ರೀತಿಯ ತೋಟಾ,

ಐವತ್ತು ತುಂಬಿದವಳನ್ನು ಹೀಗೆ ಕರೆಯಬಾರದು. ಆದರೆ ನಿನ್ನ ಪತ್ರ ಓದಿದ ಮೇಲೆ ಬೇರೆ ಹೆಸರು ಬಾಯಿಗೆ ಬರಲಿಲ್ಲ.

ಅಂಗಡಿ ಮುಚ್ಚುವುದು ನಿಜ. ಲೈಸೆನ್ಸ್ ಮುಗಿಯುತ್ತದೆ, ಮತ್ತೆ ಮಾಡಿಸುವುದಿಲ್ಲ. ಈಗ ಬರುವವರು ಫೋನಿನಲ್ಲಿ ಚಿತ್ರ ನೋಡಿಕೊಂಡೇ ಬರುತ್ತಾರೆ, "ಇದಿದೆಯಾ" ಅನ್ನುತ್ತಾರೆ, ಇಲ್ಲ ಅಂದರೆ ಹೋಗುತ್ತಾರೆ. ಕೂತ್ಕೊಳ್ಳಿ ಅಂದರೆ ಗಾಡಿ ಅಡ್ಡ ನಿಲ್ಲಿಸಿದ್ದೀನಿ ಅನ್ನುತ್ತಾರೆ. ಬೆಂಚಿನ ಮೇಲೆ ನಿಮ್ಮ ಅತ್ತಿಗೆ ಹಳೆ ಪತ್ರಿಕೆ ಪೇರಿಸಿಟ್ಟಿದ್ದಾಳೆ. ನನ್ನ ಅಂಗಿಯ ಎಣ್ಣೆ ವಾಸನೆ ಇನ್ನಾದರೂ ಹೋಗುತ್ತದೆಂದು ಅವಳಿಗೆ ಸಂತೋಷ.

ಮಾರ್ಚ್ 31ಕ್ಕೆ ಠಾಣೆಯ ಅಧಿಕಾರಿ ಬರುತ್ತಾರೆ. ವಾರಸುದಾರರು ಒಯ್ಯದೆ ಉಳಿದ ಕೋವಿಗಳೆಲ್ಲ ಅವರ ಉಗ್ರಾಣಕ್ಕೆ, ಅಲ್ಲಿಂದ ಕುಲುಮೆಗೆ.

ಮಾವನವರ ಕೋವಿ ಇಲ್ಲೇ ಇದೆ. ತುಕ್ಕು ಹಿಡಿದಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತೇನೆ. ಆದರೆ ಎಡಗಡೆಯ ಸ್ಪ್ರಿಂಗ್ ಇನ್ನೂ ಬಂದಿಲ್ಲ.

ನಿನ್ನ ಅಣ್ಣ


ಜನವರಿ 28, ಬುಧವಾರ

ಅಣ್ಣಾ,

ಇನ್ನೂ ಬಂದಿಲ್ಲವೇ? ಇಪ್ಪತ್ತೆಂಟು ವರ್ಷದಲ್ಲಿ ನನಗೆ ಎರಡು ಹೆರಿಗೆಯಾಗಿ, ಆ ಎರಡಕ್ಕೂ ಮದುವೆಯಾಗಿ, ಒಂದು ಮೊಮ್ಮಗುವೂ ಆಯಿತು. ಒಂದು ಸ್ಪ್ರಿಂಗ್ ಬರಲಿಲ್ಲವೇ? ತೆವಳಿಕೊಂಡು ಬಂದಿದ್ದರೂ ಬಂದಿರುತ್ತಿತ್ತು!

ನಿನ್ನನ್ನು ನಂಬಿ ಕೂತರೆ ಆಗುವುದಿಲ್ಲವೆಂದು ನಾನೇ ದಾರಿ ಹುಡುಕಿದ್ದೇನೆ. ನಮ್ಮ ಪಕ್ಕದ ಮನೆಯ ಯಜಮಾನರು ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಎಲ್ಲರೂ ಅವರನ್ನು ವಾಚಿನವರು ಅನ್ನುತ್ತಾರೆ. ಎಪ್ಪತ್ತೊಂಬತ್ತಾದರೂ ಕೈ ನಡುಗುವುದಿಲ್ಲ. ವಿಷಯ ಹೇಳಿದ ತಕ್ಷಣ, "ನಿಮ್ಮ ಮಾವ ಆ ಕೋವಿ ಕಥೆ ಹೇಳಿ ಹೇಳಿ ನನ್ನ ತಲೆ ತಿಂದಿದ್ದಾರೆ. ನಾನೇ ಮಾಡಿಕೊಡ್ತೀನಿ ತಾಯಿ" ಎಂದು ಮೂರು ದಿನ ಭೂತಗನ್ನಡಿ ಹಾಕಿಕೊಂಡು ಕೂತು ಮಾಡಿದರು. ಅಳತೆಗೆ ಮಾವನವರು ಗಾಳಿಯಲ್ಲಿ ಬೆರಳು ತೋರಿಸಿದರು.

ಕೆಮ್ಮಿನ ಮಾತ್ರೆಯ ಡಬ್ಬಿಯಲ್ಲಿ ಹತ್ತಿ ಹಾಸಿ ಕಳಿಸಿದ್ದೇನೆ. ಹಾಕಿ ನೋಡು. ದೇವರಿಗೆ ದೀಪ ಹಚ್ಚಿಯೇ ಕಳಿಸಿದ್ದು.

ತಂಗಿ


ಫೆಬ್ರವರಿ 6, ಶುಕ್ರವಾರ

ಪ್ರೀತಿಯ ತಂಗಿಗೆ,

ಡಬ್ಬಿ ತಲುಪಿತು. ಅದನ್ನು ಯಾರು ಮಾಡಿದರೆಂದು ಓದಿ ನಾನು ಅರ್ಧ ಗಂಟೆ ಕುರ್ಚಿ ಬಿಟ್ಟು ಏಳಲಿಲ್ಲ. ನಿಮ್ಮ ಅತ್ತಿಗೆ ಗಾಬರಿಯಾಗಿ ನೀರು ತಂದಳು.

ಕೆಲಸ ತುಂಬ ಚೆನ್ನಾಗಿದೆ. ಆದರೆ ಕೂರುವುದಿಲ್ಲ.

ಮೂರು ಪ್ರಶ್ನೆ ಕೇಳುತ್ತೇನೆ, ಬೇಜಾರಿಲ್ಲದೆ ಉತ್ತರ ಬರೆ. ವಾಚಿನವರೂ ಮಾವನವರೂ ಈಗ ಚೆನ್ನಾಗಿದ್ದಾರಾ? ಎರಡು ಮನೆಗಳ ನಡುವೆ ಒಂದು ಗೋಡೆ ಇತ್ತಲ್ಲ, ಇದೆಯಾ? ಮಾವನವರು ತಮ್ಮ ಬೇಟೆಯ ಕಥೆಗಳಲ್ಲಿ ಎಂದಾದರೂ, ಒಂದೇ ಒಂದು ಸಲ, ಗುರಿ ತಪ್ಪಿದ ಕಥೆ ಹೇಳಿದ್ದಾರಾ?

ಅಂಗಡಿಯ ಗಂಟೆ ಬಿಚ್ಚಿದೆ. ತಿರುಪು ಸವೆದಿತ್ತು.

ಅಣ್ಣ


ಫೆಬ್ರವರಿ 14, ಶನಿವಾರ

ಅಣ್ಣಾ,

ನಿನ್ನ ಆರೋಗ್ಯ ಹೇಗಿದೆ? ಸ್ಪ್ರಿಂಗಿನ ಅಳತೆ ಕೇಳಿದರೆ ಗೋಡೆ ಇದೆಯಾ ಅನ್ನುತ್ತೀಯ. ಅತ್ತಿಗೆಗೆ ಹೇಳಿ ಡಾಕ್ಟರಿಗೆ ತೋರಿಸಿಕೋ. ಮುಚ್ಚಿಡಬೇಡ.

ಕೇಳಿದ್ದಕ್ಕೆ ಉತ್ತರ: ಗೋಡೆ ಇದೆ. ಎದೆಯೆತ್ತರ. ಅದರ ಮೇಲೆ ಚದುರಂಗದ ಹಲಗೆ ಇಟ್ಟುಕೊಂಡು, ಆ ಕಡೆ ಒಂದು ಎತ್ತರದ ಸ್ಟೂಲು, ಈ ಕಡೆ ಒಂದು ಎತ್ತರದ ಸ್ಟೂಲು, ಇಬ್ಬರೂ ಇಪ್ಪತ್ತು ವರ್ಷದಿಂದ ಸಂಜೆ ಆಡುತ್ತಾರೆ. ಮೊದಲಿಗೆ ಎಂಟು ವರ್ಷ ಮಾತೇ ಇರಲಿಲ್ಲ. ನಾನು ಬಂದ ಹೊಸತರಲ್ಲಿ ಈ ಕಡೆಯಿಂದ ಆ ಕಡೆಗೆ ತಿರುಗಿ ನೋಡಿದರೂ ಮಾವನವರು ಕೆಮ್ಮುತ್ತಿದ್ದರು. ಕಾರಣ, ಆಗ ನಮ್ಮ ಮನೆಯಲ್ಲಿದ್ದ ನಾಯಿ. ವಾಚಿನವರು ಬಿಸಿಲಿಗೆ ಹಾಕಿದ್ದ ಹೊಸ ಹಾಸಿಗೆಯನ್ನು ಅದು ಹರಿದು ಹತ್ತಿ ಮಾಡಿತಂತೆ. ಅವರು ಬೀದಿಯಲ್ಲಿ ನಿಂತು ನಾಯಿಗೂ ನಾಯಿ ಸಾಕಿದವರಿಗೂ ಸೇರಿಸಿ ಬೈದು, ಗೋಡೆ ಕಟ್ಟಿಸಿದರು. ಈಗಲೂ ಆಟದಲ್ಲಿ ಸೋತಾಗ, "ನಿನ್ನ ನಾಯಿಯಷ್ಟೇ ಮೋಸಗಾರ ಕಣಯ್ಯಾ ನೀನು" ಅನ್ನುತ್ತಾರೆ. ಆಗ ಮಾತ್ರ ಮಾವನವರು ಎದುರಾಡುವುದಿಲ್ಲ. ಸತ್ತ ಪ್ರಾಣಿಯ ಮೇಲೆ ಅವರಿಗೆ ಅಷ್ಟು ಪ್ರೀತಿ.

ಗುರಿ ತಪ್ಪಿದ ಕಥೆಯೇ? ಮಾವನವರದ್ದೇ? ಹಂದಿ ಓಡಿಹೋಗಿದ್ದರೆ ಅದು ಹಂದಿಯ ತಪ್ಪು. ಹಕ್ಕಿ ಬೀಳದಿದ್ದರೆ ಅದಕ್ಕೆ ತಾನು ಸತ್ತದ್ದು ಗೊತ್ತಾಗದೆ ಹಾರಿಹೋಯಿತು ಅನ್ನುತ್ತಾರೆ.

ಇದರ ಜೊತೆ ಮೂರು ಸ್ಪ್ರಿಂಗ್ ಇವೆ. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಮಧ್ಯದ್ದು. ಯಾವುದಾದರೂ ಕೂರಲೇಬೇಕು. ಕೆಳಗೆ ಮಾವನವರೇ ನಾಲ್ಕು ಸಾಲು ಬರೆಯುತ್ತೇನೆಂದು ಪೆನ್ನು ಕಿತ್ತುಕೊಂಡರು.

ತಂಗಿ

ಬೀಗರ ಮಗನಿಗೆ ಆಶೀರ್ವಾದ. ನಾನು ಮೂರು ವರ್ಷಕ್ಕೊಮ್ಮೆ, ಕೋವಿ ಇಲ್ಲದಿದ್ದರೂ, ಕೋವಿಯ ಲೈಸೆನ್ಸ್ ಹೊಸದು ಮಾಡಿಸುತ್ತಿದ್ದೇನೆ. ಕೋವಿ ಎಲ್ಲಿ ಎಂದು ಅಧಿಕಾರಿ ಕೇಳಿದರೆ ನಿಮ್ಮಪ್ಪನ ರಸೀದಿ ತೋರಿಸುತ್ತೇನೆ. "ಮಂಗಳವಾರ ಬನ್ನಿ" ಎಂದು ಓದಿ ಅವರು ನಗುತ್ತಾರೆ. ಒಂಬತ್ತು ಅಧಿಕಾರಿಗಳು ನಕ್ಕಿದ್ದಾರೆ. ನನಗೆ ಎಂಬತ್ತೆರಡು. ಯಾವ ಮಂಗಳವಾರ ಎಂದು ದಯವಿಟ್ಟು ತಿಳಿಸುವುದು.


ಫೆಬ್ರವರಿ 24, ಮಂಗಳವಾರ

ತಂಗೀ,

ಈ ಪತ್ರವನ್ನು ಒಬ್ಬಳೇ ಇರುವಾಗ ಓದು. ಕೂತು ಓದು.

ನಿಮ್ಮ ಮಾವನವರ ಕೋವಿಯ ಸ್ಪ್ರಿಂಗಿಗೆ ಏನೂ ಆಗಿಲ್ಲ. ಎಂದೂ ಆಗಿರಲಿಲ್ಲ. ಅದು ಅಂಗಡಿಗೆ ಬಂದ ದಿನವೇ ನನ್ನ ವಾಚಿಗಿಂತ ಚೆನ್ನಾಗಿತ್ತು.

ಅಪ್ಪನ ಒಂದು ಪದ್ಧತಿ ಇತ್ತು. ಕೋವಿ ಖಾಲಿಯಿದೆಯಾ ಎಂದು ನೋಡುವ ಮೊದಲು ಅವರು ಬಂದವನ ಮುಖ ನೋಡುತ್ತಿದ್ದರು. ಕಣ್ಣು ಕೆಂಪಗಿದ್ದು, ತೋಟಾ ಕೊಡಿ ಬೇಗ ಎಂದು ಗಲ್ಲಾ ಬಡಿಯುತ್ತಿದ್ದರೆ, "ಅಯ್ಯೋ, ಸ್ಪ್ರಿಂಗ್ ಸಡಿಲ ಆಗಿದೆಯಲ್ಲ ಸ್ವಾಮಿ! ಹಾರಿಸಿದ್ರೆ ನಿಮಗೇ ಏಟು. ಬಿಟ್ಟು ಹೋಗಿ, ಮಂಗಳವಾರ ಬನ್ನಿ" ಅನ್ನುತ್ತಿದ್ದರು. ಕೋವಿಗೆ ಕಟ್ಟುವ ರಟ್ಟಿನ ಚೀಟಿಯ ಹಿಂದೆ ಕೆಂಪು ಪೆನ್ಸಿಲಿನಲ್ಲಿ ಒಂದು ಸೊನ್ನೆ ಹಾಕುತ್ತಿದ್ದರು. ರಿಪೇರಿ ಕೋವಿಗಲ್ಲ, ಮನುಷ್ಯನಿಗೆ ಎಂದು ಅದರ ಅರ್ಥ.

ಮಂಗಳವಾರ ಅವನು ಬಂದರೆ ಸ್ಪ್ರಿಂಗ್ ಬಂದಿಲ್ಲ ಎಂದು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಉಳಿದವರ ಸುಳ್ಳು ಕೇಳುತ್ತ ಅವನೂ ತನ್ನದು ಶುರು ಮಾಡುತ್ತಿದ್ದ. ಮೊದಲ ವಾರ ಹುಲಿಯನ್ನೇ ಹೊಡೆದೆ ಅನ್ನುವನು. ಮೂರನೆಯ ವಾರವೋ ನಾಲ್ಕನೆಯ ವಾರವೋ ತಾನೇ ಪೆದ್ದನಾದ ಕಥೆ ಹೇಳಿ ತಾನೇ ನಗುವನು. ಮರ ಕೊಯ್ಯುವ ಕಾರ್ಖಾನೆಯವರು ಪಾಲುದಾರನ ಮೇಲೆ ಉರಿದುಕೊಂಡು ಬಂದವರು, ಐದನೆಯ ಮಂಗಳವಾರ ತಮ್ಮ ಟೋಪಿಯನ್ನೇ ಮೊಲವೆಂದು ಹೊಡೆದದ್ದು ಹೇಳಿದರು. ಆಗ ಅಪ್ಪ ಒಳಗಿನಿಂದ ಕೂಗಿದರು, "ಸ್ಪ್ರಿಂಗ್ ಬಂತು ನೋಡ್ರೀ!" ತನ್ನ ಮೇಲೆ ತಾನೇ ನಗಬಲ್ಲವನ ಕೈಗೆ ಕೋವಿ ಕೊಡಬಹುದು ಅನ್ನುತ್ತಿದ್ದರು ಅಪ್ಪ.

ನಿನ್ನ ಮದುವೆಗೆ ಹತ್ತು ದಿನವಿದ್ದಾಗ ನಿಮ್ಮ ಮಾವನವರು ಹೀಗೇ ಬಂದರು. ಪಕ್ಕದವನು ಗೋಡೆ ಕಟ್ಟಿದ್ದಾನೆ, ಬೀದಿಯಲ್ಲಿ ನಿಲ್ಲಿಸಿ ಬೈದಿದ್ದಾನೆ, ಎರಡು ತೋಟಾ ಕೊಡಿ ಎಂದರು. ಅಪ್ಪ ಸೊನ್ನೆ ಹಾಕಿದರು. ಮದುವೆಯಾಯಿತು. ಆಮೇಲೆ ಅವರು ಬೀಗರು, ಬೆಂಚಿನ ಮೇಲೆ ಹೇಗೆ ಕೂರುತ್ತಾರೆ? ಬಂದಾಗಲೆಲ್ಲ ಒಳಗಿನ ಕುರ್ಚಿ, ಕಾಫಿ, ಮರ್ಯಾದೆ. ಒಂದು ದಿನವೂ ಕಥೆ ಹೇಳಲಿಲ್ಲ. ಕೊಟ್ಟುಬಿಡೋಣ ಅಪ್ಪಾ ಎಂದು ನಾನು ಎಷ್ಟೋ ಸಲ ಹೇಳಿದೆ. "ನನ್ನ ಮಗಳಿರೋ ಮನೆ ಅದು. ಸಿಟ್ಟು ಬೇಕಾದ್ರೆ ಇರಲಿ, ಜೊತೆಗೆ ಕೋವಿ ಬೇಡ" ಎಂದರು. ಸಾಯುವ ಮುಂಚೆ, ಅವರು ಅಂಥದೊಂದು ಕಥೆ ಹೇಳುವವರೆಗೂ ಕೋವಿ ಕೊಡುವುದಿಲ್ಲವೆಂದು ನನ್ನ ಕೈಲಿ ಮಾತು ತೆಗೆದುಕೊಂಡರು.

ನಿನಗೆ ಹೇಳಬಾರದು ಎಂದದ್ದೂ ಅವರೇ. ನಿನ್ನ ಮುಖ ಗಾಜಿನ ಬೀರು, ಒಳಗಿರುವುದೆಲ್ಲ ಹೊರಗೆ ಕಾಣುತ್ತದೆ ಎಂದರು.

ಚೀಟಿ ಇದರ ಜೊತೆ ಇಟ್ಟಿದ್ದೇನೆ. ನೋಡು.

ಅಣ್ಣ


ಮಾರ್ಚ್ 4, ಬುಧವಾರ

ಪತ್ರ ತಲುಪಿತು.

ನಮ್ಮಪ್ಪ ವಾರ ವಾರ ಸುಳ್ಳು ಹೇಳುತ್ತಿದ್ದರು. ನೀನು ನನಗೆ ಈ ಜನವರಿಯಲ್ಲೂ ಹೇಳಿದೆ. ಎಪ್ಪತ್ತೊಂಬತ್ತು ವರ್ಷದ ಮನುಷ್ಯರ ಕೈಲಿ ನಾಲ್ಕು ಸ್ಪ್ರಿಂಗ್ ಮಾಡಿಸಿದೆ. ದೇವರ ಮುಂದೆ ದೀಪ ಹಚ್ಚಿಸಿದೆ.

ನಾನು ದೇವರನ್ನು ಕೇಳಿದೆ, ಸ್ಪ್ರಿಂಗ್ ನೀನು ಕಳಿಸುತ್ತಿರಲಿಲ್ಲವೇ ಎಂದು. ನಿನ್ನ ಹಾಗೆಯೇ ಅವನೂ ಸುಮ್ಮನಿದ್ದಾನೆ.

ಸದ್ಯ ನನಗೆ ಬರೆಯಬೇಡ.


ಮಾರ್ಚ್ 12, ಗುರುವಾರ

ಪ್ರೀತಿಯ ತಂಗಿಗೆ,

ಬರೆಯಬೇಡ ಎಂದಿದ್ದೀಯ. ಇದು ಪತ್ರವಲ್ಲ, ತಿಳಿವಳಿಕೆ. 31ಕ್ಕೆ ಹತ್ತೊಂಬತ್ತು ದಿನ ಉಳಿದಿದೆ. ಬೀರುವಿನಲ್ಲಿ ಆ ಒಂದೇ ಕೋವಿ ನಿಂತಿದೆ.

ನೀನು ಹೂಂ ಎಂದರೆ ಕೊಟ್ಟುಬಿಡುತ್ತೇನೆ. ಅಪ್ಪನಿಗೆ ಕೊಟ್ಟ ಮಾತು ಮುರಿದದ್ದು ನನ್ನ ತಲೆಗಿರಲಿ. ನೀನು ಬೇಡ ಎಂದರೆ ಕುಲುಮೆಗೆ ಹೋಗುತ್ತದೆ, ಅಪ್ಪನ ಮೇಲಿನ ಕಳ್ಳನೆಂಬ ಹೆಸರು ಹಾಗೇ ಉಳಿಯುತ್ತದೆ. ನನಗೆ ತಿಳಿಯುತ್ತಿಲ್ಲ.

ನಿನ್ನನ್ನು ಅಳಿಸಿದೆನೆಂದು ನಿಮ್ಮ ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅದು ಗೊತ್ತಾಗಲು ನನಗೆ ಎರಡು ದಿನ ಬೇಕಾಯಿತು.

ಅಣ್ಣ


ಮಾರ್ಚ್ 20, ಶುಕ್ರವಾರ

ಅಣ್ಣಾ,

ಸಿಟ್ಟು ಇಳಿದಿದೆ. ಯಾಕೆ ಇಳಿಯಿತೆಂದು ಕೇಳಬೇಡ, ಬೇಳೆ ತೊಳೆಯುತ್ತಿದ್ದಾಗ ಇಳಿಯಿತು. ಈ ಮನೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಕೋವಿಯ ಮಾತು ಕೇಳಿದ್ದೇನೆ. ಕೋವಿಯ ಸದ್ದು ಒಂದು ದಿನವೂ ಕೇಳಿಲ್ಲ. ಅಪ್ಪನ ಸುಳ್ಳು ಸುಳ್ಳೇ. ಆದರೆ ಆ ಸುಳ್ಳಿನ ಕೆಳಗೆ ನಾನು ಬೆಚ್ಚಗೆ ಸಂಸಾರ ಮಾಡಿದ್ದೇನಲ್ಲ.

ಹಾಗೆಂದು ಉಪಾಯ ಮಾಡಿ ಕಥೆ ಹೊರಡಿಸಲು ನನಗೆ ಬರುವುದಿಲ್ಲ. ಅಪ್ಪ ಹೇಳಿದ್ದು ಸರಿ, ನನ್ನದು ಗಾಜಿನ ಬೀರು. ಆದ್ದರಿಂದ ಹೋದ ಗುರುವಾರ ಸಂಜೆ ಇಬ್ಬರಿಗೂ ಗೋಡೆಯ ಮೇಲೆ ಕಾಫಿ ಇಟ್ಟು ನನ್ನದೇ ಕಥೆ ಹೇಳಿದೆ. ಹನ್ನೆರಡು ವರ್ಷದವರೆಗೆ ಸ್ಪ್ರಿಂಗ್ ದೇವರು ಕಳಿಸುತ್ತಾನೆ ಎಂದು ನಂಬಿ, ಗೊಂಬೆಯ ಕೈ ಮುರಿದಾಗ ದೇವರಿಗೆ ಚೀಟಿ ಬರೆದು ಸೀಸದ ಡ್ರಾಯರಿನಲ್ಲಿ ಇಟ್ಟೆನಲ್ಲ, ಅದನ್ನು. ವಾಚಿನವರು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ಆಮೇಲೆ ಅವರೂ ಒಂದು ಹೇಳಿದರು. ನ್ಯಾಯಾಲಯದ ಗೋಪುರದ ಗಡಿಯಾರ ರಿಪೇರಿ ಮಾಡಿ ಇಳಿದು ನೋಡಿದರೆ ಮುಳ್ಳು ಹಿಂದಕ್ಕೆ ತಿರುಗುತ್ತಿತ್ತಂತೆ, ಒಂದು ದಿನವೆಲ್ಲ ಯಾರಿಗೂ ಗೊತ್ತಾಗಲಿಲ್ಲವಂತೆ!

ಮಾವನವರು ಚದುರಂಗದ ಕುದುರೆಯನ್ನು ಕೈಯಲ್ಲಿ ಹಿಡಿದು ಎಲ್ಲಿಡಬೇಕೆಂದು ನೋಡುತ್ತಿದ್ದರು. "ನಂಗೂ ಒಂದು..." ಎಂದರು. "ಇಲ್ಲ, ಬಿಡು."

"ಹೇಳಯ್ಯಾ" ಎಂದರು ವಾಚಿನವರು. "ನಿನ್ನ ಯಾವ ಹುಲಿ ಇನ್ನೂ ಉಳಿದಿದೆ?"

"ಹುಲಿ ಅಲ್ಲ."

"ಮತ್ತೆ?"

"ಹಾಸಿಗೆ."

ಅಣ್ಣಾ, ನಾನು ಲೋಟ ಹಿಡಿದು ನಿಂತವಳು ನಿಂತ ಹಾಗೇ ಇದ್ದೆ. ಮಾವನವರು ಹಲಗೆಯನ್ನೇ ನೋಡುತ್ತ ಹೇಳಿದರು: "ನೀವೆಲ್ಲ ಹಾಸಿಗೇನ ಹೊರಗೇ ಮರೆತು ಊರಿಗೆ ಹೋಗಿದ್ರಿ. ಬೆಳಿಗ್ಗೆ ಮಂಜಿತ್ತು. ನಿಮ್ಮ ಅಂಗಳದಲ್ಲಿ ಹಂದಿ ಮಲಗಿದೆ ಅಂದ್ಕೊಂಡೆ. ಹೊಡೆದೆ. ಹತ್ತಿ ಹಾರಿತು. ನಾನು ಒಳಗೆ ಹೋಗಿ ನಾಯೀನ ಹೊರಗೆ ಬಿಟ್ಟೆ."

ವಾಚಿನವರು ಕೈಯಲ್ಲಿದ್ದ ಲೋಟವನ್ನು ಗೋಡೆಯ ಮೇಲಿಟ್ಟರು.

"ನೀನು ಬೀದೀಲಿ ನಿಂತು ಬೈದಾಗ ತಪ್ಪು ನಂದೇ ಅಂತ ಗೊತ್ತಿತ್ತು. ಗೊತ್ತಿದ್ದಕ್ಕೇ ಸಿಟ್ಟು ಜಾಸ್ತಿ ಬಂತು. ಗೋಡೆ ಎದ್ದ ವಾರ ಕೋವಿ ತಗೊಂಡು ತೋಟಾ ತರೋಕೆ ಹೋಗಿದ್ದೆ. ಇವಳಪ್ಪ ಸ್ಪ್ರಿಂಗ್ ಇಲ್ಲ ಅಂದ್ರು."

ವಾಚಿನವರು ಸ್ಟೂಲಿನಿಂದ ಇಳಿದರು. ಕಾಯಿಗಳನ್ನೆಲ್ಲ ಡಬ್ಬಿಗೆ ತುಂಬಿದರು. ಮಾವನವರ ಕೈಯಲ್ಲಿದ್ದ ಕುದುರೆಯನ್ನೂ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಶುಕ್ರವಾರ ಬರಲಿಲ್ಲ. ಶನಿವಾರ ಬರಲಿಲ್ಲ. ಭಾನುವಾರ ಮಾವನವರು ಸ್ಟೂಲಿನ ಮೇಲೆ ಒಬ್ಬರೇ ಕೂತು ಖಾಲಿ ಗೋಡೆ ನೋಡಿದರು. ಊಟ ಸೇರಲಿಲ್ಲ. ಕೋವಿಯ ಮಾತೂ ಎತ್ತಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಅಪ್ಪನ ಹೆಸರು ತೊಳೆಯಲು ಹೋಗಿ ಇಪ್ಪತ್ತು ವರ್ಷದ ಸ್ನೇಹ ಮುರಿದೆನಲ್ಲ ಎಂದು ದೇವರ ಮುಂದೆ ಅತ್ತೆ.

ಸೋಮವಾರ ಸಂಜೆ ಗೋಡೆಯಾಚೆ ಒಂದು ತಲೆ ಎದ್ದಿತು.

"ಎಷ್ಟು ದೂರದಿಂದ ಹೊಡೆದೆ?"

"ಮೂವತ್ತು ಹೆಜ್ಜೆ" ಎಂದರು ಮಾವನವರು.

"ಮಲಗಿದ ಹಾಸಿಗೆಗೆ?"

"ಹೂಂ."

"ಎರಡು ನಳಿಗೇನೂ ಹಾರಿಸಿದೆಯಾ?"

"ಹೂಂ." ಗೋಡೆಯ ಗಾರೆ ಕೆರೆಯುತ್ತ, "ಒಂದು ತಪ್ಪಿತು."

ವಾಚಿನವರ ತಲೆ ಕೆಳಗೆ ಹೋಯಿತು. ಬಿದ್ದರೇನೋ ಎಂದು ನಾನು ಗೋಡೆಗೆ ಓಡಿದೆ. ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದರು. "ಅಲುಗಾಡದ ಹಾಸಿಗೆ ಕಣೋ! ಮೂವತ್ತು ಹೆಜ್ಜೆ! ಅಯ್ಯೋ, ಹಾಗಿದ್ರೆ ನೀನು ತೋಟಾ ತಂದಿದ್ರೂ ನಂಗೇನೂ ಆಗ್ತಿರ್ಲಿಲ್ಲ ಬಿಡು, ನನ್ನ ಪಕ್ಕದಲ್ಲಿ ನಿಂತವನಿಗೆ ಕಷ್ಟ!" ಎಂದು ನಕ್ಕರು. ಮಾವನವರು ಮೊದಲು ಮುಖ ಗಂಟು ಹಾಕಿಕೊಂಡರು. ಆಮೇಲೆ ಅವರ ಭುಜ ಕುಣಿಯತೊಡಗಿತು. ಇಷ್ಟು ವರ್ಷದಲ್ಲಿ ಅವರು ತಮ್ಮ ಮೇಲೆ ತಾವೇ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ವಾಚಿನವರು ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದರು, "ಪಾಪ, ಆ ನಾಯಿ. ನಾನು ಬೈಯೋವಾಗ ನಿನ್ನ ಮುಖಾನೇ ನೋಡ್ತಿತ್ತು."

ನಾನು ತಡೆಯಲಾರದೆ ಕೆಂಪು ಸೊನ್ನೆಯ ಚೀಟಿ ತಂದು ತೋರಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಮಾವನವರು ಆ ಚೀಟಿಯನ್ನು ತುಂಬ ಹೊತ್ತು ನೋಡಿದರು. "ನಿಮ್ಮಪ್ಪ ನನ್ನನ್ನ ರಿಪೇರಿಗೆ ಇಟ್ಕೊಂಡಿದ್ರಾ?" ಎಂದರು. ಬೈಯುತ್ತಾರೆಂದುಕೊಂಡೆ. "ಒಳ್ಳೇ ಕೆಲಸಗಾರ" ಎಂದರು.

31ರಂದು ಮಂಗಳವಾರವಂತೆ. ಮಾವನವರೇ ಪಂಚಾಂಗ ನೋಡಿದರು. ಇಬ್ಬರೂ ಹೊರಟಿದ್ದಾರೆ. ಬೆಂಚಿನ ಮೇಲಿನ ಪತ್ರಿಕೆಗಳನ್ನು ತೆಗೆಸು.

ತಂಗಿ


ಮಾರ್ಚ್ 31, ಮಂಗಳವಾರ

ಪ್ರೀತಿಯ ತೋಟಾ,

ಬೆಳಗಿನ ಬಸ್ಸಿಗೆ ಬಂದರು. ಮಾವನವರು ಒಳಗಿನ ಕುರ್ಚಿ ಬೇಡವೆಂದು ಬೆಂಚಿನ ಮೇಲೆ ಕೂತರು. ವಾಚಿನವರು ಪಕ್ಕದಲ್ಲಿ. ಠಾಣೆಯ ಅಧಿಕಾರಿ ಪುಸ್ತಕ ತೆಗೆದುಕೊಂಡು ಎದುರಿಗೆ. ಮಾವನವರು ಹಾಸಿಗೆಯ ಕಥೆಯನ್ನು ಮೊದಲಿನಿಂದ ಹೇಳಿದರು. ನನಗೆ ಕೇಳಲಿಲ್ಲ, ಆದರೆ ಅಧಿಕಾರಿ ಪೆನ್ನು ಕೆಳಗಿಟ್ಟು ಟೋಪಿ ತೆಗೆದು ನಗುವುದು ಒಳಕೋಣೆಯಿಂದ ಕಂಡಿತು. ಅಷ್ಟು ಸಾಕಾಯಿತು. ಕೂಗಿದೆ.

"ಸ್ಪ್ರಿಂಗ್ ಬಂತು ನೋಡ್ರೀ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರಂತೆ. ಥೇಟ್ ನಮ್ಮಪ್ಪನ ದನಿ ಎಂದಳು ನಿಮ್ಮ ಅತ್ತಿಗೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನನ್ನ ಜೊತೆ ಮಾತು ಬಿಟ್ಟಿದ್ದೂ ಮರೆತಳು.

ಒಂದು ತಪ್ಪೊಪ್ಪಿಗೆ. ವಾಚಿನವರ ಮಧ್ಯದ ಸ್ಪ್ರಿಂಗನ್ನು ನಿನ್ನೆಯೇ ಕೋವಿಗೆ ಹಾಕಿದ್ದೆ. ಸರಿಯಾಗಿ ಕೂತಿತು. ಮೊದಲಿನದಕ್ಕಿಂತ ಚೆನ್ನಾಗಿದೆ. ಅವರು ಕೋವಿಗೆ ಕಿವಿ ಕೊಟ್ಟು ಟಕ್ ಎಂದದ್ದು ಕೇಳಿ, "ನಿಮಿಷಕ್ಕೊಂದು ಸಲ ಹೊಡೆದ್ರೆ ಟೈಮೂ ಗೊತ್ತಾಗುತ್ತೆ" ಎಂದು ನನ್ನ ಕಿವಿಯಲ್ಲಿ ಕೂಗಿದರು.

ಮಾವನವರು ಕೋವಿಯನ್ನು ಹೆಗಲಿಗೇರಿಸಿದರು. ನಳಿಗೆ ನಿಧಾನವಾಗಿ ಕೆಳಗಿಳಿಯಿತು. ಮತ್ತೆ ಎತ್ತಿದರು, ಮತ್ತೆ ಇಳಿಯಿತು. ಅದನ್ನು ಗಲ್ಲಾದ ಮೇಲೆ ಮಲಗಿಸಿ, ಅಧಿಕಾರಿಯ ಕಡೆಗೆ ತಳ್ಳಿದರು. "ಈ ಸ್ಪ್ರಿಂಗ್ ನಂಗೆ ಒಪ್ಪಿಗೆ ಇಲ್ಲ. ನೀವೇ ತಗೊಂಡು ಹೋಗಿ" ಎಂದು ನನಗೂ ಕೇಳುವಂತೆ ಹೇಳಿದರು. ಆಮೇಲೆ ತಾವು ಕೂತಿದ್ದ ಬೆಂಚನ್ನು ತಟ್ಟಿ, "ಇದನ್ನ ನಾನು ಒಯ್ತೀನಿ" ಎಂದರು.

ಲಾರಿಯಲ್ಲಿ ಹೇರಿ ಕಳಿಸಿದ್ದೇನೆ. ಇಬ್ಬರೂ ಡ್ರೈವರ್ ಪಕ್ಕ ಕೂತು ಹೋದರು.

ಬೀರು ಖಾಲಿ. ಬಾಗಿಲ ಫಲಕ ಇಳಿಸಿದೆ. ಇಲ್ಲಿ ಎಲ್ಲ ಸರಿಯಾಗಿದೆ.

ಅಣ್ಣ


ಏಪ್ರಿಲ್ 9, ಗುರುವಾರ

ಪ್ರೀತಿಯ ಅಣ್ಣನಿಗೆ,

ಬೆಂಚು ತಲುಪಿ ಎರಡು ದಿನ ಜಗಳವಾಯಿತು. ಅದು ಯಾರ ಅಂಗಳದಲ್ಲಿರಬೇಕೆಂದು. ಮೂರನೆಯ ದಿನ ಇಬ್ಬರೂ ಸೇರಿ ಗಾರೆಯವನನ್ನು ಕರೆಸಿ ಗೋಡೆಯ ನಡುವೆ ಬೆಂಚಿನಗಲ ಒಡೆಸಿ, ಆ ಸಂದಿಯಲ್ಲಿ ಅದನ್ನು ಕೂರಿಸಿದರು. ಅರ್ಧ ಅವರದು, ಅರ್ಧ ನಮ್ಮದು. ಮುಟ್ಟಿದರೆ ಈಗಲೂ ಎಣ್ಣೆಯ ವಾಸನೆ ಬರುತ್ತದೆ. ನಾನು ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಐದು ನಿಮಿಷ ಹೋಗಿ ಕೂರುತ್ತೇನೆ. ಅಲ್ಲಿ ಪ್ರಾರ್ಥನೆ ಸಲೀಸಾಗಿ ಬರುತ್ತದೆ.

ಹಾಸಿಗೆಯ ಕಥೆ ಊರಿಗೆಲ್ಲ ಹರಡಿದೆ. ನಿನ್ನೆ ಹೊತ್ತಿಗೆ ಮೂವತ್ತು ಹೆಜ್ಜೆ ಎಂಬತ್ತಾಗಿತ್ತು, ಮಂಜು ಬಿರುಗಾಳಿಯಾಗಿತ್ತು. ನೆಂಟರು ಬಂದರೆ ಮಾವನವರು ಈಗ, "ಇವಳಪ್ಪ ಇದ್ರಲ್ಲ, ಅಂಥ ಕೆಲಸಗಾರ ಇನ್ನು ಹುಟ್ಟಲ್ಲ. ಇಪ್ಪತ್ತೆಂಟು ವರ್ಷ ಗ್ಯಾರಂಟಿ" ಅನ್ನುತ್ತಾರೆ. ನಾನು ಒಳಗೆ ಹೋಗಿ ಅಳುತ್ತೇನೆ. ಇದು ಬೇರೆ ಅಳು.

"ಇಲ್ಲಿ ಎಲ್ಲ ಸರಿಯಾಗಿದೆ" ಎಂದು ಬರೆದಿದ್ದೀಯಲ್ಲ ಅಣ್ಣಾ. ಅದೇ ಲಕೋಟೆಯ ಹಿಂದೆ ಅತ್ತಿಗೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದಾರೆ. ನೀನು ನೋಡಿಲ್ಲವೆಂದು ಕಾಣುತ್ತದೆ. "ನಾಳೆಯಿಂದ ಇವರನ್ನು ಏನು ಮಾಡಲಿ?" ಎಂದು. ನಿನ್ನೆ ಫೋನು ಮಾಡಿ ಕೇಳಿದೆ. ನೀನು ದಿನಾ ಒಂಬತ್ತು ಗಂಟೆಗೆ ಎಣ್ಣೆಯ ಅಂಗಿ ಹಾಕಿಕೊಂಡು ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು ಬರುತ್ತೀಯಂತೆ. ಎಲ್ಲಿಗೆ ಹೋಗಿದ್ದೆ ಅಂದರೆ ತರಕಾರಿಗೆ ಅನ್ನುತ್ತೀಯಂತೆ. ತರಕಾರಿ ಮಾತ್ರ ಬರುವುದಿಲ್ಲವಂತೆ.

ಜನವರಿಯಿಂದ ನೀನು ಬರೆದದ್ದೆಲ್ಲ ತೆಗೆದು ಓದಿದೆ. ಕೋವಿಯ ಬಗ್ಗೆ ಇದೆ, ಗಂಟೆಯ ತಿರುಪಿನ ಬಗ್ಗೆ ಇದೆ. ನಿನ್ನ ಬಗ್ಗೆ ಒಂದು ಸಾಲಿಲ್ಲ. ನಲವತ್ತು ವರ್ಷ ಎಲ್ಲರ ಕಥೆ ಕೇಳಿದವನು ನಿನ್ನದೊಂದು ಎಲ್ಲೂ ಹೇಳಿಲ್ಲವಲ್ಲ.

ಇದರ ಜೊತೆ ಒಂದು ರಟ್ಟಿನ ಚೀಟಿ ಇದೆ. ಹಿಂದುಗಡೆ ಅಪ್ಪನ ಕೆಂಪು ಸೊನ್ನೆ ಹಾಗೇ ಬಿಟ್ಟಿದ್ದೇನೆ. ಮುಂದೆ ಮಾವನವರ ಹೆಸರಿನ ಮೇಲೆ ಗೆರೆ ಎಳೆದು ನಿನ್ನದು ಬರೆದಿದ್ದೇನೆ. ಅತ್ತಿಗೆಯ ಕೈಲಿ ನಿನ್ನ ಅಂಗಿಗೆ ಕಟ್ಟಿಸಿಕೊಂಡು ಹೊರಡು.

ಸ್ಪ್ರಿಂಗ್ ಬಂದಿಲ್ಲ. ಮಂಗಳವಾರ ಬಾ.

ನಿನ್ನ ತೋಟಾ